ಬಾಡಿಗೆದಾರನಿಗೆ ಸರ್ವೆ ನಂಬರ್ ಇಲ್ಲ

ಹೊಸೂರು 2046ರಲ್ಲಿ ಹೇಗಿರಬೇಕು ಎಂಬ ನಕ್ಷೆಗೆ ಸಾರ್ವಜನಿಕರ ಅಭಿಪ್ರಾಯ ಬೇಕು ಎನ್ನುತ್ತದೆ ಕಾನೂನು. ಆದರೆ ಅಲ್ಲಿ ಬಾಡಿಗೆಗಿರುವ ಸಾವಿರಾರು ಜನ ಆ ಅಭಿಪ್ರಾಯವನ್ನು ಯಾವ ಹೊತ್ತಿನಲ್ಲಿ, ಯಾವ ಭಾಷೆಯಲ್ಲಿ, ಯಾರ ಮುಂದೆ ಹೇಳಬೇಕು?

ಬೆಳಗಿನ ಐದೂವರೆಗೆ ಹೊಸೂರಿನ ಮೂಕಂಡಪಳ್ಳಿ, ಜೂಜುವಾಡಿ ಕಡೆಯ ವಠಾರಗಳಲ್ಲಿ ನೀರಿನ ಸದ್ದು ಶುರುವಾಗುತ್ತದೆ. ಒಂದಕ್ಕೊಂದು ಅಂಟಿಕೊಂಡ ಎಂಟು ಹತ್ತು ಕೋಣೆಗಳು, ಎಲ್ಲಕ್ಕೂ ಸೇರಿ ಒಂದು ತೊಟ್ಟಿ, ಎರಡು ಕಕ್ಕಸು. ಆರು ಗಂಟೆಗೆ ಹೆದ್ದಾರಿಯ ಅಂಚಿನಲ್ಲಿ ಕಂಪನಿ ಬಸ್ಸುಗಳು ಸಾಲುಗಟ್ಟುತ್ತವೆ. ಧರ್ಮಪುರಿಯ ತಮಿಳು, ಡೆಂಕಣಿಕೋಟೆಯ ಕನ್ನಡ, ಬಾಗಲೂರಿನ ತೆಲುಗು, ಬಿಹಾರದ ಹಿಂದಿ ಎಲ್ಲವೂ ಒಂದೇ ಬಸ್ಸು ಹತ್ತುತ್ತವೆ. ರಾತ್ರಿ ಪಾಳಿ ಮುಗಿಸಿದವರು ಅದೇ ಹೊತ್ತಿಗೆ ಇಳಿದು ಬಂದು, ಹೊರಟವರು ಬಿಟ್ಟುಹೋದ ಚಾಪೆಯ ಮೇಲೆಯೇ ಮಲಗುತ್ತಾರೆ.

ಅದೇ ದಿನ ಹನ್ನೊಂದು ಗಂಟೆಗೆ ಸರ್ಕಾರಿ ಕಚೇರಿಯ ಗೋಡೆಯ ಮೇಲೆ ಬಣ್ಣಬಣ್ಣದ ನಕ್ಷೆಯೊಂದು ತೂಗುತ್ತಿದೆ ಎಂದುಕೊಳ್ಳಿ. ಅದರ ಮುಂದೆ ನಿಂತವರ ಕೈಯಲ್ಲಿ ಪಟ್ಟಾದ ಜೆರಾಕ್ಸ್ ಇದೆ. ಕನ್ನಡಕ ಮೇಲಕ್ಕೇರಿಸಿ, ಬೆರಳಿಟ್ಟು, ತಮ್ಮ ಸರ್ವೆ ನಂಬರ್ ಹುಡುಕುತ್ತಾರೆ. ಎಲ್ಲರದೂ ಒಂದೇ ಪ್ರಶ್ನೆ: ನಮ್ಮ ಜಮೀನು ಹಳದಿಯೋ ಹಸಿರೋ?

ಬಸ್ಸು ಹತ್ತಿ ಹೋದವರಲ್ಲಿ ಒಬ್ಬರೂ ಆ ಗೋಡೆಯ ಮುಂದೆ ಇಲ್ಲ. ಊರಿನ ವಸತಿ ಯೋಜನೆಯಿಂದ ದಿನನಿತ್ಯದ ಬದುಕೇ ಬದಲಾಗುವುದು ಇವರದ್ದು. ಆ ಯೋಜನೆಯ ಬಗ್ಗೆ ಮಾತಾಡುವವರು ಬೇರೆಯವರು. ಹೊಸೂರಿನಂಥ ಊರಿನಲ್ಲಿ ‘ಸಾರ್ವಜನಿಕರ ಸಹಭಾಗಿತ್ವ’ ಎಂಬ ಮಾತು ಎಡವುವುದು ಇಲ್ಲಿಯೇ.

ನಕ್ಷೆ ಏನು ಮಾಡುತ್ತದೆ

ಮಾಸ್ಟರ್ ಪ್ಲಾನ್ ಒಂದು ಮನೆಯನ್ನೂ ಕಟ್ಟುವುದಿಲ್ಲ. ಎಲ್ಲಿ ಮನೆ ಕಟ್ಟಬಹುದು, ಎಲ್ಲಿ ಕಾರ್ಖಾನೆ, ಎಲ್ಲಿ ಹೊಲ ಹೊಲವಾಗಿಯೇ ಉಳಿಯಬೇಕು, ಎಲ್ಲಿ ಮುಂದೆ ರಸ್ತೆ ಹಾಯಬೇಕು ಎಂದು ಅದು ಬಣ್ಣ ಬಳಿದು ಹೇಳುತ್ತದೆ. ಹಳದಿ ಬಳಿದರೆ ವಸತಿ, ನೇರಳೆಯಾದರೆ ಕೈಗಾರಿಕೆ, ಹಸಿರಾದರೆ ಕೃಷಿ. ಒಂದೇ ಬದುವಿನ ಆಚೆ ಈಚೆ ಇರುವ ಎರಡು ಹೊಲಗಳಲ್ಲಿ ಒಂದು ಹಳದಿಗೂ ಇನ್ನೊಂದು ಹಸಿರಿಗೂ ಸೇರಿದರೆ, ಮಣ್ಣು ಒಂದೇ ಆಗಿದ್ದರೂ ಬೆಲೆ ಒಂದೇ ಆಗಿರುವುದಿಲ್ಲ. ಗೋಡೆಯ ಮುಂದೆ ನಿಂತವರ ಆತಂಕ ಅರ್ಥವಾಗದ್ದೇನಲ್ಲ.

ತಮಿಳುನಾಡಿನಲ್ಲಿ ಈ ಕೆಲಸ ನಡೆಯುವುದು 1971ರ ನಗರ ಮತ್ತು ಗ್ರಾಮ ಯೋಜನಾ ಕಾಯ್ದೆಯ ಅಡಿಯಲ್ಲಿ. ಚೆನ್ನೈಗೆ ಪ್ರತ್ಯೇಕ ಪ್ರಾಧಿಕಾರವಿದೆ; ಉಳಿದ ಊರುಗಳ ಯೋಜನೆಯ ಮೇಲುಸ್ತುವಾರಿ ಜನ ‘ಡಿಟಿಸಿಪಿ’ ಎಂದೇ ಕರೆಯುವ ನಿರ್ದೇಶನಾಲಯದ್ದು. ಹೊಸೂರಿಗೆ ನ್ಯೂ ಟೌನ್ ಅಭಿವೃದ್ಧಿ ಪ್ರಾಧಿಕಾರವೊಂದು ಮೊದಲಿನಿಂದ ಇತ್ತು. ಕೊಯಮತ್ತೂರು, ಮದುರೈ, ತಿರುಪ್ಪೂರುಗಳ ಜೊತೆಗೆ ಹೊಸೂರಿಗೂ ನಗರಾಭಿವೃದ್ಧಿ ಪ್ರಾಧಿಕಾರ ರಚಿಸುವುದಾಗಿ ಸರ್ಕಾರ 2022ರಲ್ಲಿ ಹೇಳಿತು. ಈಗ ಸಿದ್ಧವಾಗಿರುವ ಕರಡು ಯೋಜನೆಯ ಗುರಿ ವರ್ಷ 2046. ಇವತ್ತು ಅಂಗನವಾಡಿಗೆ ಹೋಗುವ ಮಗು ಆ ಹೊತ್ತಿಗೆ ಮನೆ ಹುಡುಕುವ ವಯಸ್ಸಿಗೆ ಬಂದಿರುತ್ತದೆ.

ಎಣಿಕೆಗೆ ಸಿಗದ ಊರು

ಹೊಸೂರಿನ ಬೆಳವಣಿಗೆ ನಮ್ಮ ಕಣ್ಣೆದುರೇ ಆದದ್ದು, ಆದರೂ ಅದರ ವೇಗ ಮರೆತುಹೋಗುತ್ತದೆ. ರಾಜಾಜಿ 1878ರಲ್ಲಿ ಹುಟ್ಟಿದ ತೊರಪಳ್ಳಿ ಇಲ್ಲೇ ಪಕ್ಕದಲ್ಲಿದೆ. ಆಗ ಹೊಸೂರು ಸೇಲಂ ಜಿಲ್ಲೆಯ ಮೂಲೆಯ ಊರು. 1965ರಲ್ಲಿ ಧರ್ಮಪುರಿ ಜಿಲ್ಲೆಗೆ, 2004ರಲ್ಲಿ ಕೃಷ್ಣಗಿರಿ ಜಿಲ್ಲೆಗೆ ಸೇರಿತು. ಊರನ್ನು ಬದಲಿಸಿದ್ದು 1970ರ ದಶಕದಲ್ಲಿ ಬಂದ ಸಿಪ್ಕಾಟ್ ಕೈಗಾರಿಕಾ ವಸಾಹತು. ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟನ್ ಬಂದವು, ಅವುಗಳ ಹಿಂದೆ ಬಿಡಿಭಾಗ ಮಾಡುವ ನೂರಾರು ಸಣ್ಣ ಶೆಡ್ಡುಗಳು ಬಂದವು. ಈಚೆಗೆ ಡೆಂಕಣಿಕೋಟೆ ಕಡೆ ಟಾಟಾ ಎಲೆಕ್ಟ್ರಾನಿಕ್ಸ್, ಪೋಚಂಪಳ್ಳಿಯಲ್ಲಿ ಓಲಾ ಸ್ಕೂಟರ್ ಕಾರ್ಖಾನೆ. 2024ರ ಜೂನ್‌ನಲ್ಲಿ ವಿಧಾನಸಭೆಯಲ್ಲಿ ಮುಖ್ಯಮಂತ್ರಿ ಸ್ಟಾಲಿನ್, ಹೊಸೂರಿಗೆ 2,000 ಎಕರೆಯಲ್ಲಿ ವಿಮಾನ ನಿಲ್ದಾಣವನ್ನೂ ಘೋಷಿಸಿದರು. ಘೋಷಣೆಯಾದದ್ದೇ ತಡ, ಸುತ್ತಲ ಹಳ್ಳಿಗಳ ಹೊಲಗಳಲ್ಲಿ ಸೈಟು ಮಾರುವ ಬೋರ್ಡುಗಳಿಗೆ ಹೊಸ ಬಣ್ಣ ಬಂತು.

ಕಾರ್ಖಾನೆಗೆ ಜಾಗ ಗುರುತಿಸಿದಷ್ಟು ಶ್ರದ್ಧೆಯಿಂದ ಅಲ್ಲಿ ದುಡಿಯುವವರಿಗೆ ಮನೆಯ ಜಾಗ ಗುರುತಿಸಲಿಲ್ಲ. ಹೌಸಿಂಗ್ ಬೋರ್ಡು ಅಲ್ಲಲ್ಲಿ ಬಡಾವಣೆ ಮಾಡಿತು. ಹಳೆಯ ಕಾರ್ಮಿಕರು ಸಾಲ ಮಾಡಿ ಅಲ್ಲಿ ಮನೆ ಕೊಂಡರು. ಉಳಿದವರಿಗೆ ಮನೆ ಒದಗಿಸಿದ್ದು ಹಳ್ಳಿಗಳು. ರಾಗಿ ಬೆಳೆಯುತ್ತಿದ್ದ ರೈತ ಹಿತ್ತಿಲಲ್ಲಿ ನಾಲ್ಕು ಕೋಣೆ ಎಬ್ಬಿಸಿ ಬಾಡಿಗೆಗೆ ಕೊಟ್ಟ, ಆಮೇಲೆ ಅದರ ಮೇಲೆ ಇನ್ನೂ ನಾಲ್ಕು. ಮತ್ತಿಗಿರಿ ಪಟ್ಟಣ ಪಂಚಾಯ್ತಿ, ಜೂಜುವಾಡಿ, ಮೂಕಂಡಪಳ್ಳಿ, ಚೆನ್ನತ್ತೂರು, ಆವಲಪಳ್ಳಿ ಪಂಚಾಯ್ತಿಗಳು ಊರಿನೊಳಗೆ ವಿಲೀನವಾದದ್ದು ಅವು ಆಗಲೇ ಊರಾಗಿ ಹೋಗಿದ್ದ ಮೇಲೆ. 2019ರಲ್ಲಿ ಹೊಸೂರು ನಗರಪಾಲಿಕೆಯಾಯಿತು. ಪಾಲಿಕೆಗೆ ಮೊದಲ ಚುನಾವಣೆ ನಡೆದದ್ದು 2022ರಲ್ಲಿ. ನಡುವಿನ ವರ್ಷಗಳಲ್ಲಿ ಕೌನ್ಸಿಲರುಗಳೇ ಇರಲಿಲ್ಲ.

ಇಷ್ಟೆಲ್ಲ ಆದರೂ ಜನಸಂಖ್ಯೆ ಎಷ್ಟು ಎಂದು ಕೇಳಿದರೆ ಅಧಿಕೃತ ಉತ್ತರ ಇವತ್ತಿಗೂ 2011ರ ಜನಗಣತಿಯದು: ಹಳೆಯ ಪುರಸಭೆಯ ಮಿತಿಯಲ್ಲಿ ಸುಮಾರು 1.17 ಲಕ್ಷ. 2021ರ ಗಣತಿ ನಡೆಯಲಿಲ್ಲ. ಮುಂದಿನ ಗಣತಿಯ ಆಧಾರ ದಿನಾಂಕ 2027ರ ಮಾರ್ಚ್ 1. ಅಂದರೆ 2046ರ ಯೋಜನೆಯ ಲೆಕ್ಕ ನಿಂತಿರುವುದು 2011ರ ಅಡಿಪಾಯದ ಮೇಲೆ, ಉಳಿದದ್ದು ತಜ್ಞರ ಅಂದಾಜು. ಹೀಗಿರುವಾಗ ಜನರನ್ನು ಕೇಳುವುದು ಪ್ರಜಾಪ್ರಭುತ್ವದ ಮರ್ಯಾದೆಗಾಗಿ ಮಾತ್ರ ಎಂದುಕೊಂಡರೆ ತಪ್ಪು. ಒಂದು ವಠಾರದಲ್ಲಿ ಎಷ್ಟು ಜನ ಮಲಗುತ್ತಾರೆ, ಎಷ್ಟು ಪಾಳಿಯಲ್ಲಿ ಮಲಗುತ್ತಾರೆ ಎಂಬ ಮಾಹಿತಿ ಯಾವ ಉಪಗ್ರಹ ಚಿತ್ರದಲ್ಲೂ ಸಿಗುವುದಿಲ್ಲ. ಮೇಲಿನಿಂದ ನೋಡಿದರೆ ಕಾಣುವುದು ಶೀಟಿನ ಚಾವಣಿ ಅಷ್ಟೇ.

ಎರಡು ತಿಂಗಳ ಅವಧಿ

ಕಾಯ್ದೆ ಜನರನ್ನು ಮರೆತಿಲ್ಲ. ಕರಡು ಸಿದ್ಧವಾಗಿ, ಪ್ರಕಟಿಸಲು ಸರ್ಕಾರದ ಒಪ್ಪಿಗೆ ಸಿಕ್ಕ ಮೇಲೆ, ಪ್ರಾಧಿಕಾರ ಅದನ್ನು ಗೆಜೆಟ್‌ನಲ್ಲಿ ಪ್ರಕಟಿಸಿ ಆಕ್ಷೇಪಣೆ, ಸಲಹೆ ಕರೆಯಬೇಕು. ಅದಕ್ಕೆ ಕೊಡುವ ಸಮಯ ಎರಡು ತಿಂಗಳಿಗಿಂತ ಕಡಿಮೆ ಇರುವಂತಿಲ್ಲ. ಬರವಣಿಗೆಯಲ್ಲಿ ಕೊಟ್ಟವರು ‘ನನ್ನ ಮಾತು ಖುದ್ದು ಕೇಳಿ’ ಎಂದು ಬೇಡಿಕೆ ಇಟ್ಟರೆ ಅವಕಾಶ ಕೊಡಬೇಕು. ಆಮೇಲೆ ಬೇಕಾದ ತಿದ್ದುಪಡಿ ಮಾಡಿ ಸರ್ಕಾರಕ್ಕೆ ಕಳಿಸಬೇಕು. ಅಂತಿಮ ಒಪ್ಪಿಗೆ ಸರ್ಕಾರದ್ದು. ಗಡಿಯ ಈಚೆಗಿನ ಕರ್ನಾಟಕದ 1961ರ ಕಾಯ್ದೆಯಲ್ಲೂ ಕ್ರಮ ಹೆಚ್ಚೂಕಡಿಮೆ ಇದೇ.

ಓದುವಾಗ ಸರಿಯಾಗಿಯೇ ಇದೆ. ತೊಂದರೆ ಇರುವುದು ಅದು ಬರುವ ಹೊತ್ತಿನಲ್ಲಿ. ಸಲಹೆಗಾರ ಸಂಸ್ಥೆ ಸಮೀಕ್ಷೆ ಮಾಡಿ, ನಕ್ಷೆ ಎಳೆದು, ಇಲಾಖೆಗಳು ಅದನ್ನು ತಿದ್ದಿ, ಸರ್ಕಾರ ಒಪ್ಪಿದ ಮೇಲೆ ಜನರ ಸರದಿ. ಅಷ್ಟು ಹೊತ್ತಿಗೆ ರಿಂಗ್ ರಸ್ತೆಯ ಗೆರೆ, ಕೈಗಾರಿಕಾ ವಲಯದ ಮಿತಿ ಎಲ್ಲ ಗಟ್ಟಿಯಾಗಿರುತ್ತದೆ. ಆಗ ಜನ ಕೇಳಬಹುದಾದದ್ದು ಇಷ್ಟೇ: ಈ ರಸ್ತೆ ನನ್ನ ಹೊಲ ಬಿಟ್ಟು ಪಕ್ಕದವನ ಹೊಲದಲ್ಲಿ ಹೋಗಲಿ. ಪಕ್ಕದವನೂ ಅದನ್ನೇ ಕೇಳುತ್ತಾನೆ.

ಇನ್ನೊಂದು ತೊಡಕೂ ಇದೆ. ಆಕ್ಷೇಪಣೆ ಬರೆಯುವ ಕ್ರಮವೇ ಜಮೀನಿನ ಸುತ್ತ ಹೆಣೆದದ್ದು. ಗ್ರಾಮ, ಸರ್ವೆ ನಂಬರ್, ಸಬ್‌ಡಿವಿಷನ್, ಪಟ್ಟಾದ ಪ್ರತಿ ಇದ್ದರೆ ಅಧಿಕಾರಿಗೆ ಅದನ್ನು ನಕ್ಷೆಯ ಮೇಲೆ ಇಟ್ಟು ನೋಡುವುದು ಸುಲಭ. ‘ನಾನು ದುಡಿಯುವ ಕಾರ್ಖಾನೆಗೆ ನಡೆದು ಹೋಗುವಷ್ಟು ದೂರದಲ್ಲಿ, ನನ್ನ ಸಂಬಳಕ್ಕೆ ಎಟುಕುವ ಬಾಡಿಗೆಯ ಮನೆ ಬೇಕು’ ಎಂದು ಒಬ್ಬ ಟ್ರೈನಿ ಹುಡುಗಿ ಬರೆದರೆ ಅದನ್ನು ಯಾವ ಸರ್ವೆ ನಂಬರಿಗೆ ಸೇರಿಸುವುದು? ಕಾಯ್ದೆ ಅವಳ ಅರ್ಜಿಯನ್ನು ತಡೆಯುವುದಿಲ್ಲ, ‘ಯಾರು ಬೇಕಾದರೂ’ ಬರೆಯಬಹುದು. ಆದರೆ ಕಚೇರಿಯ ಕಡತ ಆ ಅರ್ಜಿಗಾಗಿ ಮಾಡಿದ್ದಲ್ಲ. ‘ನೀತಿಗೆ ಸಂಬಂಧಿಸಿದ್ದು, ಗಮನಿಸಲಾಗಿದೆ’ ಎಂಬ ಒಂದು ಸಾಲಿನಲ್ಲಿ ಅದು ಮುಗಿಯುವ ಸಾಧ್ಯತೆಯೇ ಹೆಚ್ಚು.

(ಪ್ರತಿ ಚಳಿಗಾಲ ತಳಿ, ಜವಳಗೆರೆ ದಾಟಿ ಸಾನಮಾವು ಕಾಡಿಗೆ ಬರುವ ಆನೆ ಹಿಂಡಿಗೂ ಸರ್ವೆ ನಂಬರ್ ಇಲ್ಲ. ಅದರ ಆಕ್ಷೇಪಣೆ ಮಾತ್ರ ಪ್ರತಿ ವರ್ಷ, ಬೆಳೆದು ನಿಂತ ರಾಗಿ ಹೊಲದಲ್ಲಿ ದಾಖಲಾಗುತ್ತದೆ.)

ನಕ್ಷೆ ತಡವಾದಾಗ

ಯೋಜನೆ ತಡವಾದರೆ ಊರು ಕಾಯುತ್ತ ಕೂರುವುದಿಲ್ಲ. ಹೊಸೂರಿನ ಸುತ್ತ ‘ಪಂಚಾಯ್ತಿ ಅಪ್ರೂವ್ಡ್’ ಎಂಬ ಮಾತಿನ ಮೇಲೆ ಸೈಟು ಕೊಂಡವರು ಎಷ್ಟೋ ಮಂದಿ. ಬಡಾವಣೆಗೆ ಅನುಮೋದನೆ ಕೊಡುವ ಅಧಿಕಾರ ಪಂಚಾಯ್ತಿಗೆ ಇಲ್ಲವೆಂಬುದು ಅವರಿಗೆ ತಿಳಿದದ್ದು ಬಹಳ ತಡವಾಗಿ. 2016ರ ಸೆಪ್ಟೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್, ಅನುಮೋದನೆಯಿಲ್ಲದ ಸೈಟುಗಳ ನೋಂದಣಿಗೇ ತಡೆ ಹಾಕಿತು. ಮಗಳ ಮದುವೆಗೆಂದು ಇಟ್ಟುಕೊಂಡ ಸೈಟು ಮಾರಲಾಗದೆ ರಾಜ್ಯದುದ್ದಕ್ಕೂ ಜನ ಸಬ್‌ರಿಜಿಸ್ಟ್ರಾರ್ ಕಚೇರಿಯ ಬಾಗಿಲಲ್ಲಿ ನಿಂತರು. 2017ರಲ್ಲಿ ಸಕ್ರಮದ ನಿಯಮ ಬಂತು. 2016ರ ಅಕ್ಟೋಬರ್ 20ಕ್ಕೆ ಮೊದಲಿನ ಬಡಾವಣೆಗಳು ಶುಲ್ಕ ಕಟ್ಟಿ ಸಕ್ರಮ ಮಾಡಿಕೊಳ್ಳಬಹುದು ಎಂದಿತು.

ಶುಲ್ಕ ಕಟ್ಟಿದರೆ ಕಾಗದ ಸರಿಯಾಗುತ್ತದೆ, ರಸ್ತೆಯ ಅಗಲ ಸರಿಯಾಗುವುದಿಲ್ಲ. ಕ್ರಮಬದ್ಧವಾದ ದೊಡ್ಡ ಬಡಾವಣೆಯಲ್ಲಿ ರಸ್ತೆ ಬಿಟ್ಟು ಉಳಿದ ಜಾಗದ ಶೇ 10 ಭಾಗ ಸಾರ್ವಜನಿಕ ಬಯಲಿಗೆ ಬಿಡಬೇಕು. ಸಕ್ರಮವಾದ ಬಡಾವಣೆಯಲ್ಲಿ ಆ ಬಯಲು ಆಗಲೇ ಸೈಟಾಗಿ ಮಾರಿಹೋಗಿರುತ್ತದೆ. ಅಲ್ಲಿನ ಮಕ್ಕಳು ಬೀದಿಯಲ್ಲಿ ಕ್ರಿಕೆಟ್ ಆಡುತ್ತಾರೆ, ಚೆಂಡು ಚರಂಡಿಗೆ ಬೀಳುತ್ತದೆ, ಚರಂಡಿ ಕೆರೆಗೆ ಸೇರುತ್ತದೆ.

ಬೇರೆ ಊರುಗಳು ಕಂಡದ್ದು

2015ರ ಫೆಬ್ರುವರಿಯಲ್ಲಿ ಮುಂಬೈ ಪಾಲಿಕೆ 2034ರವರೆಗಿನ ಕರಡು ಅಭಿವೃದ್ಧಿ ಯೋಜನೆ ಪ್ರಕಟಿಸಿತು. ದೇವಸ್ಥಾನದ ಮೇಲೆ ರಸ್ತೆ, ಪಾರಂಪರಿಕ ಕಟ್ಟಡದ ಮೇಲೆ ರಸ್ತೆ ಎಂಬಂಥ ತಪ್ಪುಗಳು ಹೊರಬಿದ್ದವು. ಸುಮಾರು 65,000 ಆಕ್ಷೇಪಣೆ, ಸಲಹೆಗಳು ಬಂದವು. ಏಪ್ರಿಲ್‌ನಲ್ಲಿ ಮುಖ್ಯಮಂತ್ರಿ ಫಡಣವೀಸ್ ಆ ಕರಡನ್ನೇ ಕೈಬಿಟ್ಟು ಮತ್ತೆ ಬರೆಯಲು ಹೇಳಿದರು. ಹೊಸ ಯೋಜನೆ ಬಂದದ್ದು 2018ರಲ್ಲಿ. ಆ 65,000 ಆಕಾಶದಿಂದ ಉದುರಿದ್ದಲ್ಲ. ಬಸ್ತಿಗಳ ಸಂಘಟನೆಗಳು, ನಗರ ಯೋಜನೆಯ ಅಧ್ಯಾಪಕರು, ಸಂಸ್ಥೆಗಳು ಸೇರಿ ಅದಕ್ಕೂ ಕೆಲವು ವರ್ಷ ಮೊದಲೇ, ಪಾಲಿಕೆ ಮಾಡಿದ್ದ ‘ಈಗಿನ ಭೂಬಳಕೆ’ ನಕ್ಷೆಯನ್ನು ಹಿಡಿದು ವಾರ್ಡು ವಾರ್ಡು ಓಡಾಡಿ ತಪ್ಪು ಗುರುತಿಸಿದ್ದರು. ಕರಡು ಬಂದಾಗ ಜನರಿಗೆ ಏನು ನೋಡಬೇಕೆಂಬುದು ಗೊತ್ತಿತ್ತು.

ದೆಹಲಿಯ ಅನುಭವ ಇನ್ನೂ ಹತ್ತಿರದ್ದು. 2041ರ ಮಹಾಯೋಜನೆಗೆ ಮುಂಚಿತವಾಗಿ, 2018ರಲ್ಲೇ, ‘ಮೈ ಭೀ ದಿಲ್ಲಿ’ ಎಂಬ ಅಭಿಯಾನ ಶುರುವಾಯಿತು. ಬೀದಿ ವ್ಯಾಪಾರಿಗಳು, ಮನೆಗೆಲಸದವರು, ಚಿಂದಿ ಆಯುವವರು, ಮನೆಯಿಲ್ಲದವರು ತಮ್ಮ ಬದುಕಿಗೂ ಯೋಜನೆಯ ಒಂದೊಂದು ಅಧ್ಯಾಯಕ್ಕೂ ಏನು ಸಂಬಂಧ ಎಂದು ತಿಳಿದುಕೊಂಡು, ಹಿಂದಿಯಲ್ಲಿ ಒಂದೆರಡು ಪುಟದ ಟಿಪ್ಪಣಿಗಳನ್ನು ಹಿಡಿದುಕೊಂಡು ಹೋದರು. 2021ರ ಜೂನ್‌ನಲ್ಲಿ ಕರಡು ಪ್ರಕಟವಾದಾಗ ಸುಮಾರು 33,000 ಆಕ್ಷೇಪಣೆ ಬಂದವು. ಆನ್‌ಲೈನ್ ಅರ್ಜಿಯ ಕಷ್ಟ, ಕೋವಿಡ್ ಕಾಲದ ಕಷ್ಟ ಎಲ್ಲ ಸೇರಿ 45 ದಿನ ಸಾಲದೆ 75 ದಿನಕ್ಕೆ ಏರಿಸಬೇಕಾಯಿತು.

ಬೆಂಗಳೂರಿನದು ಬೇರೆಯೇ ಕಥೆ. 2017ರ ಕೊನೆಯಲ್ಲಿ ಬಿಡಿಎ 2031ರ ಕರಡು ಪ್ರಕಟಿಸಿತು, ಸಾವಿರಾರು ಆಕ್ಷೇಪಣೆ ಬಂದವು. 2020ರಲ್ಲಿ ಸರ್ಕಾರ ಆ ಕರಡನ್ನು ವಾಪಸು ಪಡೆಯಿತು. 2007ರಲ್ಲಿ ಒಪ್ಪಿಗೆಯಾದ, 2015ಕ್ಕೆಂದು ಬರೆದ ಯೋಜನೆಯೇ ಆಮೇಲೂ ನಡೆಯಿತು. ರಜೆ ಹಾಕಿ ಅರ್ಜಿ ಬರೆದವರ ಶ್ರಮ ಎಲ್ಲಿ ಹೋಯಿತೆಂದು ಯಾರೂ ಹೇಳಲಿಲ್ಲ. ಮುಂದಿನ ಸಲ ಅವರು ಬರೆಯದಿದ್ದರೆ ಅದನ್ನು ನಿರಾಸಕ್ತಿ ಎನ್ನುವುದು ಅನ್ಯಾಯ.

ಎಷ್ಟು ಮನೆ, ಯಾರಿಗೆ?

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1969ರಿಂದ ಒಂದು ಕಾನೂನಿದೆ. ಪ್ರತಿ ಊರೂ ತನ್ನ ಒಟ್ಟು ಯೋಜನೆಯಲ್ಲಿ ವಸತಿಗೆ ಪ್ರತ್ಯೇಕ ಅಧ್ಯಾಯ ಬರೆದು, ಸಾಮಾನ್ಯವಾಗಿ ಎಂಟು ವರ್ಷಕ್ಕೊಮ್ಮೆ ಹೊಸದು ಮಾಡಬೇಕು. ಯಾವ ಆದಾಯದವರಿಗೆ ಎಷ್ಟು ಮನೆ ಬೇಕೆಂಬ ಸಂಖ್ಯೆ ಮೊದಲು ಬರುತ್ತದೆ. ಆ ಸಂಖ್ಯೆಗೆ ಸಾಕಾಗುವಷ್ಟು ಜಾಗ ಎಲ್ಲಿದೆ ಎಂದು ಊರು ತೋರಿಸಬೇಕು. ಎಲ್ಲ ಆದಾಯ ವರ್ಗದ ಜನರನ್ನೂ ಒಳಗೊಳ್ಳಲು ಶ್ರದ್ಧೆಯಿಂದ ಪ್ರಯತ್ನ ಮಾಡಿದ್ದೇವೆ ಎಂದೂ ತೋರಿಸಬೇಕು. ಅಷ್ಟಾದರೂ ಅಲ್ಲಿ ಮನೆಯ ಬರ ನೀಗಿಲ್ಲ. ಸಭೆಗೆ ಬಂದು ‘ನಮ್ಮ ಬೀದಿಯಲ್ಲಿ ಬೇಡ’ ಎನ್ನುವವರು ಅಲ್ಲೂ ಸ್ವಂತ ಮನೆಯವರೇ. ಆದರೆ ಪ್ರಶ್ನೆ ಕೇಳುವ ಕ್ರಮ ಗಮನಿಸಿ: ಮೊದಲು ಜನ, ಆಮೇಲೆ ಜಾಗ. ನಮ್ಮ ಮಾಸ್ಟರ್ ಪ್ಲಾನು ಮೊದಲು ಜಾಗಕ್ಕೆ ಬಣ್ಣ ಬಳಿದು, ಜನ ಹೇಗೋ ಅದರೊಳಗೆ ಹೊಂದಿಕೊಳ್ಳುತ್ತಾರೆ ಎಂದು ನಂಬುತ್ತದೆ.

ನಮ್ಮಲ್ಲಿ ಜನರನ್ನು ಮೊದಲು ಎಣಿಸುವ ಪ್ರಯತ್ನ ಆಗಿಲ್ಲವೆಂದಲ್ಲ. 2015ರ ಜೂನ್‌ನಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಯೋಜನೆಗೆ ಪ್ರತಿ ಊರೂ ಮನೆ ಬೇಕಾದವರ ಸಮೀಕ್ಷೆ ಮಾಡಿ ಕ್ರಿಯಾ ಯೋಜನೆ ಬರೆಯಬೇಕಿತ್ತು. ಆದರೆ ಕುಟುಂಬದ ಯಾರ ಹೆಸರಲ್ಲೂ ದೇಶದ ಎಲ್ಲಿಯೂ ಪಕ್ಕಾ ಮನೆ ಇರಬಾರದು ಎಂಬುದು ಅದರ ಷರತ್ತು. ಅರೂರಿನ ಹಳ್ಳಿಯಲ್ಲಿ ಅಪ್ಪ ಕಟ್ಟಿದ ಎರಡು ಕೋಣೆಯ ಮನೆಯಿದ್ದು, ಹೊಸೂರಿನ ವಠಾರದಲ್ಲಿ ಐವರ ಜೊತೆ ಮಲಗುವ ಹುಡುಗ ಈ ಲೆಕ್ಕದಲ್ಲಿ ‘ಮನೆ ಬೇಕಾದವನು’ ಅಲ್ಲ. ಅವನಿಗೆ ಬೇಕಿರುವುದು ಸ್ವಂತ ಮನೆಯೂ ಅಲ್ಲ, ಮಾನವಾಗಿ ಇರಬಹುದಾದ ಬಾಡಿಗೆ ಕೋಣೆ. 2020ರಲ್ಲಿ ವಲಸೆ ಕಾರ್ಮಿಕರು ಹೆದ್ದಾರಿಯಲ್ಲಿ ನಡೆದು ಊರಿಗೆ ಹೋದದ್ದನ್ನು ದೇಶವೇ ನೋಡಿದ ಮೇಲೆ ಬಾಡಿಗೆ ಮನೆಗಳ ಯೋಜನೆಯೊಂದು ಬಂತು.

ತಮಿಳುನಾಡಿನಲ್ಲಿ ಬಾಡಿಗೆ ಕರಾರುಗಳನ್ನು ನೋಂದಾಯಿಸಬೇಕೆಂಬ ಹೊಸ ಕಾಯ್ದೆ 2019ರಿಂದ ಜಾರಿಯಲ್ಲಿದೆ. ಅದು ಸರಿಯಾಗಿ ನಡೆದಿದ್ದರೆ ಬಾಡಿಗೆದಾರರ ಲೆಕ್ಕ ಸರ್ಕಾರದ ಬಳಿಯೇ ಇರುತ್ತಿತ್ತು. ಆದರೆ ವಠಾರದ ಕರಾರು ಬಾಯಿಮಾತಿನದು. ಅಡ್ವಾನ್ಸಿಗೂ ರಸೀದಿ ಇರುವುದಿಲ್ಲ. ಮಾಲೀಕನಿಗೆ ಮನೆ ತೆರಿಗೆಯ ಭಯ, ಬಾಡಿಗೆದಾರನಿಗೆ ಮನೆ ಬಿಡಿಸಿಯಾರೆಂಬ ಭಯ.

ಕಾರ್ಖಾನೆಗೆ ತಾಗಿಕೊಂಡು ದೊಡ್ಡ ವಸತಿಗೃಹ ಕಟ್ಟುವುದು ಇನ್ನೊಂದು ದಾರಿ. ಶ್ರೀಪೆರುಂಬುದೂರು ಬಳಿಯ ವಲ್ಲಂ ವಡಗಾಲ್‌ನಲ್ಲಿ ಸಿಪ್ಕಾಟ್ 18,720 ಮಹಿಳಾ ಕಾರ್ಮಿಕರಿಗೆಂದು ಕಟ್ಟಿದ ವಸತಿ ಸಂಕೀರ್ಣ 2024ರ ಆಗಸ್ಟ್‌ನಲ್ಲಿ ಉದ್ಘಾಟನೆಯಾಯಿತು. ವಠಾರದ ಚಾಪೆಗಿಂತ ಹಾಸಿಗೆ ಒಳ್ಳೆಯದೇ. ಆದರೆ ಮದುವೆಯಾದ ಮೇಲೆ ಅಲ್ಲಿನ ಹುಡುಗಿ ಎಲ್ಲಿರಬೇಕು, ರಾತ್ರಿ ಹತ್ತಕ್ಕೆ ಗೇಟು ಹಾಕಬೇಕೇ ಬೇಡವೇ, ಅಮ್ಮ ಬಂದರೆ ಒಂದು ದಿನ ಉಳಿಯಬಹುದೇ? ಇವನ್ನೆಲ್ಲ ಕಟ್ಟುವ ಮೊದಲು ಕೇಳಬೇಕಾದದ್ದು ಅಲ್ಲಿರಬೇಕಾದ ಹುಡುಗಿಯರನ್ನು. ನನ್ನ ಮಟ್ಟಿಗೆ ವಸತಿ ಯೋಜನೆಯಲ್ಲಿ ಜನರ ಸಹಭಾಗಿತ್ವ ಎಂದರೆ ಇಂಥ ಪ್ರಶ್ನೆಗಳೇ. ನಕ್ಷೆಯ ಬಣ್ಣ ಆಮೇಲೆ.

ಸಭೆ ಕರೆಯುವುದು ಹೇಗೆ

ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಾಗಿಲ್ಲ, ಇರುವ ವೇದಿಕೆಗಳನ್ನು ಬಳಸಿದರೆ ಸಾಕು. ತಮಿಳುನಾಡಿನ ಹಳ್ಳಿಗಳಲ್ಲಿ ವರ್ಷಕ್ಕೆ ಆರು ಗ್ರಾಮಸಭೆ ನಡೆಯುತ್ತವೆ. ನಗರಗಳಲ್ಲಿ ವಾರ್ಡ್ ಸಮಿತಿ, ಏರಿಯಾ ಸಭೆಗಳ ವ್ಯವಸ್ಥೆ 2022ರಲ್ಲಿ ಶುರುವಾಯಿತು. ಆ ವರ್ಷ ನವೆಂಬರ್ 1ರ ಸ್ಥಳೀಯಾಡಳಿತ ದಿನದಂದು ಮುಖ್ಯಮಂತ್ರಿಗಳೇ ತಾಂಬರಂ ಪಾಲಿಕೆಯ ಪಮ್ಮಲ್‌ನಲ್ಲಿ ಸಭೆಗೆ ಬಂದು ಕೂತಿದ್ದರು. ಹೊಸೂರಿನ 45 ವಾರ್ಡುಗಳಲ್ಲಿ ಒಂದೊಂದು ಸುತ್ತು ಏರಿಯಾ ಸಭೆ, ಸುತ್ತಲಿನ ಪಂಚಾಯ್ತಿಗಳಲ್ಲಿ ಒಂದೊಂದು ಗ್ರಾಮಸಭೆ ಯೋಜನೆಯ ವಿಷಯಕ್ಕೇ ಮೀಸಲಾದರೆ ಅರ್ಧ ಕೆಲಸ ಆದಂತೆ.

ಉಳಿದರ್ಧ ಇರುವುದು ಹೊತ್ತಿನಲ್ಲಿ. ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಬರುವವರು ನಿವೃತ್ತರು, ಜಮೀನ್ದಾರರು, ರಿಯಲ್ ಎಸ್ಟೇಟಿನವರು. ಮೂರು ಪಾಳಿಯ ಊರಿನಲ್ಲಿ ಒಂದೇ ವಿಷಯದ ಸಭೆ ಮೂರು ಹೊತ್ತಿನಲ್ಲಿ ನಡೆಯಬೇಕು. ಭಾನುವಾರ ಸಂಜೆ ಒಂದಾದರೂ ಇರಬೇಕು. ಕಾರ್ಖಾನೆಯ ಕ್ಯಾಂಟೀನು, ಕಾರ್ಮಿಕ ಸಂಘದ ಕಚೇರಿ, ಸರ್ಕಾರಿ ಶಾಲೆಯ ಅಂಗಳಗಳಿಗೆ ನಕ್ಷೆ ಹೋಗಬೇಕು. ಹುಡುಗಿಯರ ಹಾಸ್ಟೆಲಿನಲ್ಲಿ ವಾರ್ಡನ್ ಎದುರಿಲ್ಲದ ಸಭೆ ಆಗಬೇಕು.

ನಕ್ಷೆಯನ್ನು ಗೋಡೆಗೆ ಅಂಟಿಸಿ ಬಿಟ್ಟರೂ ಪ್ರಯೋಜನವಿಲ್ಲ. ಇಡೀ ಯೋಜನಾ ಪ್ರದೇಶವನ್ನು ಒಂದು ಹಾಳೆಯಲ್ಲಿ ತೋರಿಸುವ ನಕ್ಷೆಯಲ್ಲಿ ಓಣಿ ಕಾಣುವುದಿಲ್ಲ. ವಾರ್ಡಿನ ಮಟ್ಟದ ಹಾಳೆ ಬೇಕು, ಅದರಲ್ಲಿ ಜನ ಗುರುತಿಸುವ ಹೆಸರು ಬೇಕು. ‘ರಾಮನಾಯಕನ ಕೆರೆ ಏರಿ’, ‘ಚಂದ್ರಚೂಡೇಶ್ವರ ಬೆಟ್ಟದ ಹಿಂಬದಿ’ ಎಂದರೆ ಅರ್ಥವಾಗುತ್ತದೆ. ಅದಕ್ಕಿಂತ ಒಳ್ಳೆಯದು ನಡೆದು ನೋಡುವುದು: ಅಧಿಕಾರಿ, ಕೌನ್ಸಿಲರು, ಆ ಓಣಿಯವರು ಒಟ್ಟಿಗೆ ಒಂದು ಗಂಟೆ ನಡೆದರೆ, ಎಲ್ಲಿ ಕೊಳವೆ ಇಲ್ಲ, ಎಲ್ಲಿ ಮಳೆನೀರು ನುಗ್ಗುತ್ತದೆ, ಯಾವ ಖಾಲಿ ಸರ್ಕಾರಿ ಜಾಗದಲ್ಲಿ (ಪುರಂಬೋಕಿನಲ್ಲಿ) ಮನೆ ಕಟ್ಟಬಹುದು ಎಂಬುದು ನಕ್ಷೆಗೆ ಏರುತ್ತದೆ.

ಇನ್ನು ಭಾಷೆ. ತಳಿ, ಬಾಗಲೂರು, ಡೆಂಕಣಿಕೋಟೆ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ಕನ್ನಡ ಅಥವಾ ತೆಲುಗು. ಹಿರಿಯರು ತಮಿಳು ಮಾತಾಡಬಲ್ಲರು, ಓದಲಾರರು. ಭಾಷಾ ಅಲ್ಪಸಂಖ್ಯಾತರು ಜನಸಂಖ್ಯೆಯ ಶೇ 15–20ರಷ್ಟು ಇರುವ ಕಡೆ ಮುಖ್ಯ ಪ್ರಕಟಣೆಗಳನ್ನು ಅವರ ಭಾಷೆಯಲ್ಲೂ ಹೊರಡಿಸಬೇಕೆಂದು ಕೇಂದ್ರ ಸರ್ಕಾರ 1956ರಲ್ಲೇ ರಾಜ್ಯಗಳಿಗೆ ಹೇಳಿತ್ತು. ಅದಕ್ಕಿಂತ ಗಟ್ಟಿಯಾದದ್ದು ಸಂವಿಧಾನದ 350ನೇ ವಿಧಿ: ಕುಂದುಕೊರತೆ ನಿವಾರಣೆಗೆ ಯಾವುದೇ ವ್ಯಕ್ತಿ ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಯಾವ ಅಧಿಕಾರಿಗೂ ಮನವಿ ಕೊಡಬಹುದು. ತಳಿಯ ರೈತ ತನ್ನ ಆಕ್ಷೇಪಣೆಯನ್ನು ಕನ್ನಡದಲ್ಲೇ ಬರೆದು ಕೊಡಬಹುದು. ಹೊಸೂರು ಭಾಗದ ಕನ್ನಡ ಶಾಲೆಗಳ ಮೇಷ್ಟ್ರುಗಳು ಒಂದು ಭಾನುವಾರ ಕೂತು ಇದಕ್ಕೊಂದು ಮಾದರಿ ಬರೆದುಕೊಟ್ಟರೆ ಉಪಕಾರವಾದೀತು.

ಗ್ರಾಮಸಭೆಯ ನಿರ್ಣಯವೇ ಅಂತಿಮ ಎಂದೇನಿಲ್ಲ ಎಂಬುದೂ ತಿಳಿದಿರಲಿ. ಕಾಂಚಿಪುರದ ಪರಂದೂರು ವಿಮಾನ ನಿಲ್ದಾಣದ ವಿರುದ್ಧ ಏಕನಾಪುರದ ಜನ ಒಂದರ ಹಿಂದೊಂದು ಗ್ರಾಮಸಭೆಯಲ್ಲಿ ನಿರ್ಣಯ ಮಾಡಿದರು. ಸರ್ಕಾರ ಯೋಜನೆ ಬಿಡಲಿಲ್ಲ. ಇಲ್ಲೇ ಶೂಲಗಿರಿ ತಾಲ್ಲೂಕಿನ ಉದ್ದನಪಳ್ಳಿ ಸುತ್ತಿನ ರೈತರು ಸಿಪ್ಕಾಟ್‌ಗೆ ಜಮೀನು ಕೊಡುವುದಿಲ್ಲವೆಂದು 2023ರಲ್ಲಿ ತಿಂಗಳುಗಟ್ಟಲೆ ಧರಣಿ ಕೂತರು. ಅಲ್ಲಿನ ಜನರನ್ನು ಯೋಜನೆಯ ಮೊದಲ ಹಾಳೆಗೇ ಕರೆದಿದ್ದರೆ ಪೆಂಡಾಲು ಬೇಕಾಗುತ್ತಿರಲಿಲ್ಲ ಎಂದು ಖಚಿತವಾಗಿ ಹೇಳಲಾರೆ. ಜಗಳ ಇದ್ದೇ ಇರುತ್ತಿತ್ತು. ಆದರೆ ಕಾಗದ ಗಟ್ಟಿಯಾಗುವ ಮೊದಲು ಆಗುತ್ತಿತ್ತು.

ಅತ್ತಿಬೆಲೆಯ ಆಚೆ ಬಿಳಿ ಹಾಳೆ

ಹೊಸೂರಿನ ನಕ್ಷೆ ಜೂಜುವಾಡಿಯ ಗಡಿಗೆ ಬಂದು ನಿಲ್ಲುತ್ತದೆ. ಆನೇಕಲ್ಲಿನ ಯೋಜನಾ ಪ್ರಾಧಿಕಾರದ ನಕ್ಷೆ ಅತ್ತಿಬೆಲೆಗೆ ಬಂದು ನಿಲ್ಲುತ್ತದೆ. ಒಂದರ ಪಾಲಿಗೆ ಇನ್ನೊಂದು ಬಿಳಿ ಹಾಳೆ. ಬದುಕು ಹಾಗಿಲ್ಲ. ಬೊಮ್ಮಸಂದ್ರ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ದುಡಿಯುವವರು ಬಾಡಿಗೆ ಕಡಿಮೆಯೆಂದು ಹೊಸೂರಿನಲ್ಲಿ ಇರುತ್ತಾರೆ; ಹೊಸೂರಿನ ಕಾರ್ಖಾನೆಯವರು ಆನೇಕಲ್ಲಿನಲ್ಲಿ ಇರುತ್ತಾರೆ. ಬೆಂಗಳೂರಿನ ಕೊಳಚೆ ಹೊತ್ತ ದಕ್ಷಿಣ ಪಿನಾಕಿನಿ ಕೆಲವರಪಳ್ಳಿ ಅಣೆಕಟ್ಟಿನಲ್ಲಿ ನೊರೆಯುಕ್ಕಿಸುತ್ತದೆ. ಬೊಮ್ಮಸಂದ್ರದಿಂದ ಹೊಸೂರಿಗೆ ಮೆಟ್ರೊ ಬೇಕೇ ಬೇಡವೇ ಎಂಬ ವಾದಕ್ಕೆ ಎರಡೂ ರಾಜ್ಯಗಳಲ್ಲಿ ರಾಜಕೀಯದ ಬಣ್ಣ ಬಂದಿದೆ. ಒಂದು ರೈಲು ಬಂದರೆ ಯಾವ ಬದಿಯ ಬಾಡಿಗೆ ಎಷ್ಟು ಏರುತ್ತದೆ, ವಠಾರದವರು ಎಲ್ಲಿಗೆ ಸರಿಯಬೇಕಾಗುತ್ತದೆ ಎಂಬುದನ್ನು ಎರಡು ಪ್ರಾಧಿಕಾರಗಳು ಒಂದೇ ಮೇಜಿನ ಮುಂದೆ ಕೂತು ಲೆಕ್ಕಹಾಕಬೇಕು. ಕಾಯ್ದೆಯಲ್ಲಿ ಅಂಥ ಮೇಜು ಇಲ್ಲ. ಸರ್ಕಾರಗಳು ಮನಸ್ಸು ಮಾಡಿದರೆ ಹಾಕಬಹುದು.

ಅರ್ಜಿ ಕೊಟ್ಟ ಮೇಲೆ

ಬರೆಯುವವರಿಗೆ ಒಂದೆರಡು ಮಾತು. ಜಮೀನಿದ್ದರೆ ಗ್ರಾಮ, ಸರ್ವೆ ನಂಬರ್, ಈಗ ಅಲ್ಲಿ ಏನಿದೆ, ಕರಡಿನಲ್ಲಿ ಏನೆಂದಿದೆ, ಏನಾಗಬೇಕು ಎಂದು ಸ್ಪಷ್ಟವಾಗಿ ಬರೆಯಿರಿ. ಜಮೀನಿಲ್ಲದಿದ್ದರೆ ವಾರ್ಡು, ಬೀದಿ, ವಠಾರದಲ್ಲಿರುವ ಜನರ ಸಂಖ್ಯೆ, ಕೊಡುವ ಬಾಡಿಗೆ, ಕೆಲಸಕ್ಕೆ ಹೋಗುವ ದೂರ ಬರೆಯಿರಿ; ಆ ವಠಾರದ ಅಷ್ಟೂ ಜನ ಸೇರಿ ಒಂದೇ ಅರ್ಜಿ ಕೊಟ್ಟರೆ ಅದಕ್ಕೆ ತೂಕ ಹೆಚ್ಚು. ಖುದ್ದು ವಿಚಾರಣೆ ಬೇಕೆಂದು ಅರ್ಜಿಯಲ್ಲೇ ಕೇಳಿ. ಸ್ವೀಕೃತಿ ಪಡೆಯದೆ ಬರಬೇಡಿ.

ವಿಚಾರಣೆ ಮುಗಿದ ಮೇಲೆ ಯಾವ ಆಕ್ಷೇಪಣೆಗೆ ಏನು ತೀರ್ಮಾನ, ಯಾಕೆ ಎಂಬ ಪಟ್ಟಿಯನ್ನು ಪ್ರಾಧಿಕಾರ ತಾನಾಗಿಯೇ ಪ್ರಕಟಿಸಬೇಕು. ಪ್ರಕಟಿಸದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಕೇಳಬಹುದು. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಯೋಜನೆಯಲ್ಲಿ ಒಂದು ಖಾಸಗಿ ಜಮೀನನ್ನು ರಸ್ತೆ, ಪಾರ್ಕು, ವಸತಿಯಂಥ ಸಾರ್ವಜನಿಕ ಉದ್ದೇಶಕ್ಕೆ ಕಾದಿರಿಸಿ, ಪ್ರಕಟಣೆಯಾದ ಮೂರು ವರ್ಷದೊಳಗೆ ಸರ್ಕಾರ ಸ್ವಾಧೀನಕ್ಕೆ ಮುಂದಾಗದಿದ್ದರೆ ಆ ಜಮೀನು ಕಾದಿರಿಸುವಿಕೆಯಿಂದ ಬಿಡುಗಡೆಯಾದಂತೆ ಎನ್ನುತ್ತದೆ 1971ರ ಕಾಯ್ದೆಯ 38ನೇ ಕಲಮು. ಜಮೀನಿನ ಮಾಲೀಕರು ಈ ದಿನಾಂಕವನ್ನು ಬರೆದಿಟ್ಟುಕೊಂಡಿರುತ್ತಾರೆ. ಆ ಜಾಗದಲ್ಲಿ ಬಡವರ ಮನೆಯೋ ಮಕ್ಕಳ ಬಯಲೋ ಆಗಬೇಕೆಂದು ಕೇಳಿದವರೂ ಬರೆದಿಟ್ಟುಕೊಂಡು, ಮೂರು ವರ್ಷ ಮುಗಿಯುವ ಮೊದಲೇ ಬಜೆಟ್ಟಿನಲ್ಲಿ ಅದಕ್ಕೆ ಹಣ ಇಟ್ಟಿದ್ದೀರಾ ಎಂದು ಏರಿಯಾ ಸಭೆಯಲ್ಲಿ ಕೌನ್ಸಿಲರನ್ನು ಕೇಳಬೇಕು.